60ರಿಂದ 90ಕ್ಕೆ ಎಷ್ಟು ದೂರ?

ನಿವೃತ್ತಿಯಾದ ಮೇಲೆ ಕಾಲೇಜುಗಳ ಚರ್ಚಾಸ್ಪರ್ಧೆಗೆ ತೀರ್ಪುಗಾರನಾಗಿ ಹೋಗುತ್ತಿದ್ದೇನೆ. ಕೆಲಸದಲ್ಲಿದ್ದಾಗ ಅಣು ಇಂಧನದ ಲೆಕ್ಕ ಇಡುತ್ತಿದ್ದವನು ನಾನು. ಹಾಗಾಗಿ ಅಮೆರಿಕ, ಇರಾನ್, ಅಣುಬಾಂಬ್ ಎಂಬ ವಿಷಯ ಬಂದರೆ ನನ್ನನ್ನೇ ಕರೆಯುತ್ತಾರೆ. ಮಕ್ಕಳು ತುಂಬಾ ಓದಿಕೊಂಡು ಬರುತ್ತಾರೆ. ಇರಾನಿನ ಅಣು ಕೆಲಸಕ್ಕೆ ಮಿತಿ ಹಾಕಿದ 2015ರ ಒಪ್ಪಂದ, 2018ರ ಮೇ 8ರಂದು ಟ್ರಂಪ್ ಅದರಿಂದ ಹೊರಬಂದದ್ದು, 2025ರ ಜೂನ್ 22ರಂದು ಅಮೆರಿಕದ ವಿಮಾನಗಳು ಇರಾನಿನ ಅಣು ಕೇಂದ್ರಗಳಾದ ಫೋರ್ಡೊ, ನತಾಂಜ್, ಇಸ್ಫಹಾನ್ ಮೇಲೆ ಬಾಂಬ್ ಹಾಕಿದ್ದು, ಎಲ್ಲವೂ ನಾಲಿಗೆ ತುದಿಯಲ್ಲಿರುತ್ತದೆ. ಆದರೆ ಒಂದೇ ಒಂದು ಕಡೆ ಎಡವುತ್ತಾರೆ. ಪರ ಇರುವವರೂ ಅಲ್ಲೇ, ವಿರೋಧ ಇರುವವರೂ ಅಲ್ಲೇ.

ಹಾಸನದ ಕಡೆ ಒಂದು ಕಾಲೇಜಿನಲ್ಲಿ ಒಬ್ಬ ಹುಡುಗಿ ಬಹಳ ಚೆನ್ನಾಗಿ ಮಾತಾಡಿದಳು. "ಇರಾನ್ ಬಳಿ ಇರುವುದು 60 ಪರ್ಸೆಂಟ್ ಯುರೇನಿಯಂ. ಬಾಂಬಿಗೆ 90 ಬೇಕು. ಮೂರರಲ್ಲಿ ಒಂದು ಪಾಲು ದಾರಿ ಇನ್ನೂ ಬಾಕಿ ಇತ್ತು. ಅಷ್ಟರಲ್ಲಿ ಬಾಂಬ್ ಹಾಕುವ ಅವಸರ ಏನಿತ್ತು?" ಚಪ್ಪಾಳೆಯೋ ಚಪ್ಪಾಳೆ. ಎದುರು ತಂಡದ ಹುಡುಗ ಎದ್ದು, "ಎರಡೇ ವಾರದಲ್ಲಿ ಬಾಂಬ್ ರೆಡಿ ಆಗುತ್ತಿತ್ತು" ಎಂದ. ಅದಕ್ಕೂ ಚಪ್ಪಾಳೆ. ಎರಡೂ ತಪ್ಪು.

ಹುಡುಗಿಯ ಮಾತನ್ನು ಮೊದಲು ತೆಗೆದುಕೊಳ್ಳುತ್ತೇನೆ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಗೊತ್ತಿಲ್ಲ, ಇನ್ನೊಮ್ಮೆ ಹೇಳುತ್ತೇನೆ. ಪರ್ಸೆಂಟ್ ಅನ್ನುವುದು ರಸ್ತೆ ಬದಿಯ ಮೈಲಿಗಲ್ಲಲ್ಲ.

ಒಂದು ಮೊರ ತೆಗೆದುಕೊಳ್ಳಿ. ಅದರಲ್ಲಿ ಸಾವಿರ ಕಾಳು ಇದೆ. ಏಳು ಮಾತ್ರ ಗಟ್ಟಿ ಕಾಳು, ಉಳಿದ 993 ಜೊಳ್ಳು. ಗಣಿಯಿಂದ ಬರುವ ಯುರೇನಿಯಂ ಹೀಗೇ ಇರುತ್ತದೆ. ಬೇಕಾದ ಯುರೇನಿಯಂ-235 ಸಾವಿರಕ್ಕೆ ಏಳು, ಅಂದರೆ 0.7 ಪರ್ಸೆಂಟ್. ಈಗ ಕೇರಲು ಶುರು ಮಾಡಿ. 3.67 ಪರ್ಸೆಂಟ್ ಆಗಬೇಕಾದರೆ ಏಳು ಕಾಳು ಸುಮಾರು 191ರ ನಡುವೆ ಇರಬೇಕು. ಅಂದರೆ 809 ಜೊಳ್ಳು ಆಗಲೇ ಹೊರಗೆ ಹೋಯಿತು. 20 ಪರ್ಸೆಂಟ್ ಎಂದರೆ 35ರಲ್ಲಿ ಏಳು. ಇನ್ನೂ 156 ಹೋಯಿತು. 60 ಪರ್ಸೆಂಟ್ ಎಂದರೆ ಹನ್ನೆರಡರಲ್ಲಿ ಏಳು. ಮತ್ತೆ 23 ಹೋಯಿತು. 90ರ ಹತ್ತಿರ ಬರಲು ಎಂಟರಲ್ಲಿ ಏಳು ಇದ್ದರೆ ಸಾಕು. ಇನ್ನು ತೆಗೆಯಬೇಕಾದದ್ದು ಎಷ್ಟು? ನಾಲ್ಕು.

ಒಟ್ಟು 992 ಜೊಳ್ಳು ತೆಗೆಯುವ ಕೆಲಸದಲ್ಲಿ 60ಕ್ಕೆ ಬರುವಷ್ಟರಲ್ಲಿ 988 ಮುಗಿದಿದೆ. ಮೂರರಲ್ಲಿ ಒಂದು ಪಾಲು ಬಾಕಿ ಅಲ್ಲ, ನೂರರಲ್ಲಿ ಒಂದು ಪಾಲೂ ಬಾಕಿ ಇಲ್ಲ.

ನನ್ನ ಜೊತೆ ಕೆಲಸ ಮಾಡಿದವರು ಇದನ್ನು ಓದಿದರೆ ಆಕ್ಷೇಪ ಎತ್ತುತ್ತಾರೆ, ಎತ್ತಲಿ. ನಿಜವಾದ ಸೆಂಟ್ರಿಫ್ಯೂಜಿನಲ್ಲಿ, ಅಂದರೆ ಗರಗರ ತಿರುಗಿಸಿ ಯುರೇನಿಯಂ ಬೇರೆ ಮಾಡುವ ಯಂತ್ರದಲ್ಲಿ, ಕೇರುವಾಗ ಒಂದಷ್ಟು ಒಳ್ಳೆಯ ಕಾಳೂ ಜೊಳ್ಳಿನ ಜೊತೆ ಹೋಗುತ್ತದೆ. ಅಲ್ಲಿ ಹಗುರ ಇರುವುದೇ ಬೇಕಾದ ಕಾಳು, ಭಾರದ್ದು, ಅಂದರೆ ಯುರೇನಿಯಂ-238, ಜೊಳ್ಳು. ಎರಡರ ನಡುವಿನ ತೂಕದ ವ್ಯತ್ಯಾಸ 238ರಲ್ಲಿ ಬರೀ 3. ಅದಕ್ಕೇ ಸಾವಿರಾರು ಯಂತ್ರಗಳನ್ನು ಸಾಲಾಗಿ ಜೋಡಿಸಿ ಮತ್ತೆ ಮತ್ತೆ ಕೇರುತ್ತಾರೆ. ಲೆಕ್ಕ ಸ್ವಲ್ಪ ಆಚೀಚೆ ಆಗಬಹುದು, ಚಿತ್ರ ಬದಲಾಗುವುದಿಲ್ಲ.

ಈ ಲೆಕ್ಕ ಯುರೇನಿಯಂ ದಾರಿಗೆ ಮಾತ್ರ. "ಮತ್ತೆ ನಮ್ಮ ಪೋಖ್ರಾನ್?" ಎಂದು ಪ್ರತಿ ಸಲ ಯಾರಾದರೂ ಕೇಳುತ್ತಾರೆ. 1974ರಲ್ಲಿ ತುಮಕೂರಿನ ರಾಜಾ ರಾಮಣ್ಣನವರ ತಂಡ ಬಳಸಿದ್ದು ಪ್ಲುಟೋನಿಯಂ. ಅದು ಬಂದದ್ದು ಕೆನಡಾ ಕೊಟ್ಟ ರಿಯಾಕ್ಟರಿನಿಂದ, ಅದಕ್ಕೆ ಭಾರಜಲ ಕೊಟ್ಟಿದ್ದು ಅಮೆರಿಕ. ಅದು ಬೇರೆಯೇ ದಾರಿ.

ಮೊರದ ಲೆಕ್ಕ ತಲೆಗೆ ಹೋದರೆ 2015ರ ಒಪ್ಪಂದವೂ ಅರ್ಥವಾಗುತ್ತದೆ. 3.67 ಪರ್ಸೆಂಟ್‌ಗಿಂತ ಹೆಚ್ಚು ಕೇರಬಾರದು ಅನ್ನುವ ಮಿತಿಯೊಂದೇ ಅದರ ಬಲ ಆಗಿರಲಿಲ್ಲ. 3.67 ಆಗುವಷ್ಟರಲ್ಲಿ ಹೆಚ್ಚಿನ ಕೇರುವ ಕೆಲಸ ಮುಗಿದಿರುತ್ತದೆ, ಅಲ್ವಾ? ಬಲ ಇದ್ದದ್ದು ದಾಸ್ತಾನಿನ ಮಿತಿಯಲ್ಲಿ. ಹಾಗೆ ಕೇರಿದ ಸರಕನ್ನು ಇರಾನ್ 300 ಕಿಲೋಗಿಂತ ಜಾಸ್ತಿ ಇಟ್ಟುಕೊಳ್ಳುವಂತಿರಲಿಲ್ಲ. 2015ರ ಡಿಸೆಂಬರ್‌ನಲ್ಲಿ ಸುಮಾರು 11 ಟನ್ ಸರಕನ್ನು ಹಡಗಿನಲ್ಲಿ ರಷ್ಯಾಕ್ಕೆ ಕಳಿಸಿತು. ನತಾಂಜಿನಲ್ಲಿ 5,060 ಹಳೆಯ ಮಾದರಿಯ ಸೆಂಟ್ರಿಫ್ಯೂಜ್‌ಗಳಿಗೆ ಮಾತ್ರ ಅನುಮತಿ ಇತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ (ಐಎಇಎ) ತಪಾಸಕರು ಒಳಗೆ ಹೋಗಿ ತೂಕ ನೋಡುತ್ತಿದ್ದರು.

ತೂಕದ ವಿಷಯದಲ್ಲಿ ನಾನು ಸ್ವಲ್ಪ ಹಠಮಾರಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಲ ನಮ್ಮ ರಿಜಿಸ್ಟರಿಗೂ ತಕ್ಕಡಿಗೂ ತಾಳೆ ಆಗಲಿಲ್ಲ. ವ್ಯತ್ಯಾಸ ಕೆಲವೇ ಗ್ರಾಂ. ಮೂರು ರಾತ್ರಿ ಯಾರೂ ಮನೆಗೆ ಹೋಗಲಿಲ್ಲ. ಕೊನೆಗೆ ಸಿಕ್ಕಿದ್ದು ಗಾಳಿ ಸೋಸುವ ಫಿಲ್ಟರಿನಲ್ಲಿ, ಧೂಳಾಗಿ ಕೂತಿತ್ತು. ನಮ್ಮ ಹಿರಿಯರು ಆ ಫಿಲ್ಟರನ್ನು ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಂಡು ಬಂದರು. ಅವತ್ತಿನಿಂದ ನನಗೆ ಲೆಕ್ಕಕ್ಕೆ ಸಿಗದ ಸರಕು ಎಂದರೆ ನಿದ್ದೆ ಬರುವುದಿಲ್ಲ.

ಇನ್ನು ಹುಡುಗನ ಎರಡು ವಾರ. ಆ ಮಾತು ಅವನು ಸುಮ್ನೆ ಹುಟ್ಟಿಸಿದ್ದಲ್ಲ. ಒಪ್ಪಂದ ಇದ್ದಾಗ ಕನಿಷ್ಠ ಒಂದು ವರ್ಷ ಇದ್ದ ಅವಧಿ ಈಗ ಒಂದೆರಡು ವಾರಕ್ಕೆ ಇಳಿದಿರಬಹುದು ಎಂದು 2024ರಲ್ಲಿ ಅಮೆರಿಕದ ಆಗಿನ ವಿದೇಶಾಂಗ ಕಾರ್ಯದರ್ಶಿ ಬ್ಲಿಂಕೆನ್ ಹೇಳಿದ್ದರು. ಆದರೆ ಅದು ಒಂದು ಬಾಂಬಿಗೆ ಸಾಕಾಗುವಷ್ಟು ಸರಕು ಕೂಡಿಸುವ ಅವಧಿ. ಬಾಂಬ್ ಮಾಡುವ ಅವಧಿ ಅಲ್ಲ. ಅಕ್ಕಿ ಕೇರಿ ಇಟ್ಟರೆ ಊಟ ಆದಂತಲ್ಲ. ಅನಿಲದ ರೂಪದಲ್ಲಿರುವುದನ್ನು ಲೋಹ ಮಾಡಬೇಕು, ಆಯುಧ ಕಟ್ಟಬೇಕು, ಹೊತ್ತೊಯ್ಯುವ ಕ್ಷಿಪಣಿಗೆ ಹೊಂದಿಸಬೇಕು. ಅದಕ್ಕಿಂತ ಮೊದಲು ಒಂದು ಸರ್ಕಾರ ಮಾಡುತ್ತೇವೆ ಎಂದು ತೀರ್ಮಾನಿಸಬೇಕು. ಇರಾನ್ 2003ರಲ್ಲೇ ಆಯುಧದ ಕೆಲಸ ನಿಲ್ಲಿಸಿತ್ತು ಎಂದು ಅಮೆರಿಕದ ಗುಪ್ತಚರ ಸಂಸ್ಥೆಗಳೇ 2007ರಲ್ಲಿ ವರದಿ ಕೊಟ್ಟಿದ್ದವು. ಸರಕು ಎಷ್ಟಿದೆ ಎಂದು ತಕ್ಕಡಿ ಹೇಳುತ್ತದೆ. ಮನಸ್ಸಿನಲ್ಲಿ ಏನಿದೆ ಎಂದು ಹೇಳುವುದಿಲ್ಲ.

ಹಾಗಾದರೆ ಬಾಂಬ್ ಹಾಕಿದ್ದು ಸರಿಯೋ ತಪ್ಪೋ ಎಂದು ಮಕ್ಕಳು ನನ್ನ ಬಾಯಿ ಬಿಡಿಸಲು ನೋಡುತ್ತಾರೆ. ಅದು ನನ್ನ ಕಸುಬಿನ ಪ್ರಶ್ನೆ ಅಲ್ಲ. ಆದರೆ ವಾದ ಮಾಡುವವರು ಇತಿಹಾಸವನ್ನು ಮಧ್ಯದಿಂದ ಶುರು ಮಾಡಬಾರದು. ಟೆಹರಾನಿನ ಸಂಶೋಧನಾ ರಿಯಾಕ್ಟರನ್ನು ಕೊಟ್ಟಿದ್ದೇ ಅಮೆರಿಕ. 1967ರಲ್ಲಿ ಅದು ಶುರುವಾದಾಗ ಹಾಕಿದ ಇಂಧನ 93 ಪರ್ಸೆಂಟ್! ಆಗ ಇರಾನಿನಲ್ಲಿ ದೊರೆ ಶಾ ಇದ್ದರು, ಸ್ನೇಹ ಇತ್ತು. ಮುಂದೆ ಅರ್ಜೆಂಟೀನಾ ಆ ರಿಯಾಕ್ಟರನ್ನು 20 ಪರ್ಸೆಂಟ್ ಇಂಧನಕ್ಕೆ ಬದಲಾಯಿಸಿ ಕೊಟ್ಟಿತು. 2010ರಲ್ಲಿ ಇರಾನ್ ತಾನೇ 20ರವರೆಗೆ ಕೇರಲು ಹೊರಟಾಗ ಕೊಟ್ಟ ಕಾರಣವೂ ಅದೇ ರಿಯಾಕ್ಟರಿನ ಇಂಧನ.

ಸ್ಪರ್ಧೆ ಮುಗಿದ ಮೇಲೆ ಆ ಹುಡುಗಿ ನೋಟ್‌ಬುಕ್ ಹಿಡಿದು ಬಂದಳು. ಕಡಲೆಕಾಯಿ ಪೊಟ್ಟಣ ಬಿಚ್ಚಿ, ಬೀಜ ಸಿಪ್ಪೆ ಹರಡಿ ಲೆಕ್ಕ ತೋರಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು, "ಸರ್, ಹಾಗಾದರೆ ಆ 60 ಪರ್ಸೆಂಟ್‌ದು ಈಗ ಎಲ್ಲಿದೆ?"

ನನಗೆ ಅಷ್ಟು ಖುಷಿಯಾದದ್ದು ಇತ್ತೀಚೆಗೆ ಇಲ್ಲ. ಐಎಇಎ ಅಂದಾಜಿನ ಪ್ರಕಾರ 2025ರ ಜೂನ್ 13ರಂದು ಇರಾನ್ ಬಳಿ ಇದ್ದದ್ದು 440.9 ಕಿಲೋ. ಐವತ್ತು ಕಿಲೋದ ಒಂಬತ್ತು ಅಕ್ಕಿ ಮೂಟೆಗಿಂತ ಚೂರು ಕಡಿಮೆ ತೂಕ. ಬಾಂಬ್ ಬಿದ್ದ ಮೇಲೆ ತಿಂಗಳುಗಟ್ಟಲೆ ಯಾವ ತಪಾಸಕರೂ ಅದನ್ನು ತೂಗಿ ನೋಡಲು ಆಗಲಿಲ್ಲ.