ಟಿಪ್ಪಿಂಗ್ ಪಾಯಿಂಟ್ ಎಂದು ಯಾವಾಗ ಹೇಳಬೇಕು?

ಬೇಸಿಗೆಯಲ್ಲಿ ಬಾವಿಗಳ ಪರಿಶೀಲನೆಗೆ ಹೋದಲ್ಲೆಲ್ಲ, ಕಾಸರಗೋಡಿನ ಅಂತರ್ಜಲ ‘ಟಿಪ್ಪಿಂಗ್ ಪಾಯಿಂಟ್’ ದಾಟಿತೇ ಎಂದು ಕೃಷಿಕರು ಕೇಳುತ್ತಾರೆ. ಪತ್ರಿಕೆಗಳಲ್ಲಿ ಈ ಮಾತು ಕೆಟ್ಟ ಸುದ್ದಿಗೆಲ್ಲ ಅಂಟಿಕೊಂಡಿರುವುದರಿಂದ ಅದರ ನಿಜವಾದ ವ್ಯಾಪ್ತಿಯನ್ನು ಸ್ಪಷ್ಟಪಡಿಸುವುದು ಅಗತ್ಯ.

1950ರ ದಶಕದಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಮಾರ್ಟನ್ ಗ್ರಾಡ್ಜಿನ್ಸ್ ಇದನ್ನು ನಗರದ ಬಡಾವಣೆಗಳ ಕುರಿತು ಬಳಸಿದರು. ಕಪ್ಪು ವರ್ಣೀಯ ಕುಟುಂಬಗಳು ನೆಲೆಸತೊಡಗಿದ ಬಡಾವಣೆಯಿಂದ ಬಿಳಿಯರು ಹೊರಹೋಗುವುದು ಒಂದು ಹಂತದ ಬಳಿಕ ತಾನಾಗಿಯೇ ವೇಗ ಪಡೆಯುತ್ತದೆ ಎಂಬುದು ಅವರ ವಿವರಣೆಯಾಗಿತ್ತು. ಹವಾಮಾನ ವಿಜ್ಞಾನ ಇದಕ್ಕೆ ಇನ್ನೊಂದು ಲಕ್ಷಣವನ್ನು ಸೇರಿಸಿತು: ಕಾರಣವನ್ನು ನಿವಾರಿಸಿದರೂ ವ್ಯವಸ್ಥೆ ಹಳೆಯ ಸ್ಥಿತಿಗೆ ಸುಲಭವಾಗಿ ಮರಳುವುದಿಲ್ಲ.

ಆದ್ದರಿಂದ ಏಪ್ರಿಲಿನಲ್ಲಿ ಬತ್ತಿ ಜೂನ್ ಕಳೆಯುವಷ್ಟರಲ್ಲಿ ತುಂಬುವ ಬಾವಿಗೆ ಈ ಮಾತು ಸಲ್ಲದು. ಸರಕಾರಿ ವರ್ಗೀಕರಣಕ್ಕೂ ಸಲ್ಲದು. ಬಳಸಬಹುದಾದ ವಾರ್ಷಿಕ ಅಂತರ್ಜಲದಲ್ಲಿ ಶೇ. 90ರಿಂದ 100ರಷ್ಟನ್ನು ಎತ್ತುವ ಪ್ರದೇಶವನ್ನು ‘ಕ್ರಿಟಿಕಲ್’ ಎನ್ನುತ್ತಾರೆ. 2017ರ ಮೌಲ್ಯಮಾಪನದಲ್ಲಿ ಕಾಸರಗೋಡು ಬ್ಲಾಕ್ ಆ ಪಟ್ಟಿಯಲ್ಲಿತ್ತು. ಅದು ಆಡಳಿತದ ಅನುಕೂಲಕ್ಕೆ ಎಳೆದ ಗೆರೆ, ಶೇ. 89ರಲ್ಲಿ ಕ್ಷೇಮ, 91ರಲ್ಲಿ ಅನಾಹುತ ಎಂದು ಅರ್ಥವಲ್ಲ.

ಕರಾವಳಿಯ ಬಾವಿಗಳ ವಿಚಾರ ಬೇರೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಸಿದ್ಧಾಂತದ ಪ್ರಕಾರ ಸಮುದ್ರಮಟ್ಟದಿಂದ 1 ಮೀಟರ್ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿನೀರೇ ಇರುತ್ತದೆ. ಆ ಎತ್ತರ ಅರ್ಧ ಮೀಟರ್ ತಗ್ಗಿದರೆ ಉಪ್ಪುನೀರಿನ ಗಡಿ ಕ್ರಮೇಣ 20 ಮೀಟರ್ ಮೇಲೇರಬಲ್ಲದು. ಹಾಗೆ ಉಪ್ಪಾದ ಬಾವಿ, ಪಂಪು ನಿಲ್ಲಿಸಿದ ಮಾತ್ರಕ್ಕೆ ಒಂದೇ ಮಳೆಗಾಲದಲ್ಲಿ ಸರಿಯಾಗುತ್ತದೆ ಎನ್ನುವಂತಿಲ್ಲ.

ಆದರೆ ಗ್ರಾಡ್ಜಿನ್ಸ್ ಹೇಳಿದ ಅರ್ಥಕ್ಕೆ ತೀರ ಹತ್ತಿರದ ಉದಾಹರಣೆ ಬಾಯಾರು, ಎಣ್ಮಕಜೆ ಕಡೆಯ ಸುರಂಗಗಳಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಪಂಪಿಲ್ಲದೆ ಹರಿದು ಬರುತ್ತದೆ. ನೆರೆಯವರು ಕೊಳವೆಬಾವಿ ತೋಡಿಸಿ, ಸುರಂಗದ ಒರತೆ ಕುಗ್ಗಿದಂತೆ ಕಂಡರೆ ಈ ಮನೆಯವರೂ ಬೋರಿಗೆ ಹೋಗುತ್ತಾರೆ. ಅದನ್ನು ನೋಡಿ ಮೂರನೆಯವರು. ಒಂದು ಹಂತದ ನಂತರ ಒರತೆ ಚೆನ್ನಾಗಿರುವ ಮನೆಯವರೂ ಬೋರು ತೋಡಿಸುತ್ತಾರೆ. ಕೆಲಸವಿಲ್ಲದ ಸುರಂಗ ಕೊರೆಯುವವರು ಬೇರೆ ಕಸುಬು ಹಿಡಿಯುತ್ತಾರೆ. ಮುಂದೆ ಅಂತರ್ಜಲ ಏರಿದರೂ, ಗುಡ್ಡದ ಮಣ್ಣು ನೋಡಿ ನೀರಿನ ಜಾಡು ಹಿಡಿದು ಕೊರೆಯಲು ಬಲ್ಲವರು ಸಿಗುವುದು ಕಷ್ಟ.