ದುಡ್ಡು ತಗೊಂಡು ವೋಟು ಹಾಕಿದವರು ಬಚಾವ್, ಹಾಕದವರು ಸಿಕ್ಕಿಬಿದ್ದರು

ಸಂಸದರೊಬ್ಬರು ದುಡ್ಡು ತಗೊಂಡು ಲೋಕಸಭೆಯಲ್ಲಿ ವೋಟು ಹಾಕಿದರೆ ಅದು ಅಪರಾಧ ತಾನೇ? ಇದೇನು ಪ್ರಶ್ನೆ ಅಂತ ಅನ್ನಿಸಬಹುದು. ಆದರೆ 1998ರಿಂದ 2024ರ ತನಕ, ಹತ್ತಿರಹತ್ತಿರ 26 ವರ್ಷ, ಅಂಥವರ ಮೇಲೆ ಕೇಸು ನಡೆಸುವ ಹಾಗೇ ಇರಲಿಲ್ಲ.

ಇದರ ಬೇರು ಇರುವುದು 1993ರಲ್ಲಿ. ಪಿ.ವಿ. ನರಸಿಂಹ ರಾವ್ ಅವರದ್ದು ಬಹುಮತವಿಲ್ಲದ ಸರ್ಕಾರ, ಅದರ ಮೇಲೆ ಅವಿಶ್ವಾಸ ನಿರ್ಣಯ ಬಂತು. ಜುಲೈ 28ರಂದು ವೋಟಿಗೆ ಹಾಕಿದಾಗ ನಿರ್ಣಯದ ಪರ 251, ವಿರುದ್ಧ 265. ಸರ್ಕಾರ ಉಳಿಯಿತು. ಹೇಗೆ ಉಳಿಯಿತು ಅನ್ನುವುದು ಹೊರಗೆ ಬರುವುದಕ್ಕೆ ಸ್ವಲ್ಪ ಸಮಯ ಹಿಡಿಯಿತು. ಶಿಬು ಸೊರೇನ್ ಸೇರಿದಂತೆ ಜಾರ್ಖಂಡ್ ಮುಕ್ತಿ ಮೋರ್ಚಾದ ನಾಲ್ವರು ಸಂಸದರು, ಇನ್ನೂ ಕೆಲವರು, ವೋಟಿಗಾಗಿ ಲಂಚ ತಗೊಂಡಿದ್ದಾರೆ ಅಂತ 1996ರಲ್ಲಿ ಸಿಬಿಐಗೆ ದೂರು ಹೋಯಿತು.

ಕೇಸು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಮುಂದೆ ಬಂದಾಗ ಆರೋಪಿಗಳು ಹಿಡಿದುಕೊಂಡಿದ್ದು ಸಂವಿಧಾನದ 105(2)ನೇ ವಿಧಿಯನ್ನು. ಸಂಸತ್ತಿನಲ್ಲಿ ಆಡಿದ ಮಾತಿಗೆ, ಹಾಕಿದ ವೋಟಿಗೆ ಸಂಬಂಧಿಸಿ ಯಾವ ಸಂಸದರನ್ನೂ ಕೋರ್ಟಿಗೆ ಎಳೆಯುವಂತಿಲ್ಲ ಅನ್ನುತ್ತದೆ ಅದು. ಸದಸ್ಯರು ಯಾರಿಗೂ ಹೆದರದೆ ಮಾತಾಡಲಿ ಅಂತ ಇಟ್ಟ ರಕ್ಷಣೆ. ಎಲ್ಲಾ ತಕರಾರು ಆ ‘ಸಂಬಂಧಿಸಿ’ ಅನ್ನುವ ಒಂದು ಪದದ ಮೇಲೆ ನಿಂತಿತು. ವೋಟಿಗೂ ಲಂಚಕ್ಕೂ ಸಂಬಂಧ ಇದೆಯಲ್ಲ, ಹಾಗಾಗಿ ಲಂಚಕ್ಕೂ ರಕ್ಷಣೆ ಇದೆ ಅಂತ 1998ರ ಏಪ್ರಿಲ್‌ನಲ್ಲಿ ಮೂವರು ಹೇಳಿದರು, ಇಬ್ಬರು ಒಪ್ಪಲಿಲ್ಲ.

ಇದರಲ್ಲೊಂದು ತಮಾಷೆ ಇದೆ. ಆರೋಪಿಗಳಲ್ಲಿ ಒಬ್ಬರಾದ ಅಜಿತ್ ಸಿಂಗ್ ವೋಟು ಹಾಕಿರಲಿಲ್ಲ. ಆದ್ದರಿಂದ ಅವರಿಗೆ ರಕ್ಷಣೆ ಇಲ್ಲ ಅಂತಾಯಿತು! ಲಂಚ ತಗೊಂಡು ಒಪ್ಪಿದ ಕೆಲಸ ಮಾಡಿಕೊಟ್ಟರೆ ಬಚಾವ್, ಮಾಡದಿದ್ದರೆ ಆರೋಪಿ. ಅದೇ ತೀರ್ಪು ಸಂಸದರೂ ಸಾರ್ವಜನಿಕ ನೌಕರರೇ, ಭ್ರಷ್ಟಾಚಾರ ತಡೆ ಕಾಯ್ದೆ ಅವರಿಗೂ ಅನ್ವಯಿಸುತ್ತದೆ ಅಂತಲೂ ಹೇಳಿತ್ತು. ಒಳ್ಳೆಯ ಮಾತೇ, ಆದರೆ ಯಾರಿಗೂ ನೆನಪಿಲ್ಲ.

ಕೊಟ್ಟವರಿಗೆ ಈ ರಕ್ಷಣೆ ಇರಲಿಲ್ಲ. ರಾವ್ ಮತ್ತು ಮಾಜಿ ಕೇಂದ್ರ ಸಚಿವ ಬೂಟಾ ಸಿಂಗ್ ಅವರಿಗೆ 2000ದಲ್ಲಿ ದೆಹಲಿಯ ವಿಶೇಷ ಕೋರ್ಟು ಮೂರು ವರ್ಷ ಶಿಕ್ಷೆ ಕೊಟ್ಟಿತು. ಮಾಜಿ ಪ್ರಧಾನಿಯೊಬ್ಬರು ಕ್ರಿಮಿನಲ್ ಕೇಸಿನಲ್ಲಿ ತಪ್ಪಿತಸ್ಥ ಅನ್ನಿಸಿಕೊಂಡಿದ್ದು ಅದೇ ಮೊದಲು. ಆದರೆ ಆ ನಾಲ್ವರಲ್ಲಿ ಒಬ್ಬರಾದ, ಆಮೇಲೆ ಮಾಫಿ ಸಾಕ್ಷಿಯಾದ ಶೈಲೇಂದ್ರ ಮಹತೋ ಅವರ ಹೇಳಿಕೆಯನ್ನು 2002ರಲ್ಲಿ ಹೈಕೋರ್ಟು ನಂಬಲಿಲ್ಲ. ಇಬ್ಬರೂ ಖುಲಾಸೆಯಾದರು.

ಸಂಸತ್ತು ತಾನೇ ಶಿಕ್ಷಿಸಿದ್ದೂ ಉಂಟು. ಪ್ರಶ್ನೆ ಕೇಳಲು ದುಡ್ಡು ತಗೊಂಡ 11 ಸಂಸದರನ್ನು 2005ರಲ್ಲಿ ಹೊರಹಾಕಿತು. ಆದರೆ ಸೀಟು ಹೋಗುವುದೇ ಬೇರೆ, ಜೈಲಿಗೆ ಹೋಗುವುದೇ ಬೇರೆ ಅಲ್ವಾ?

ಹಳೇ ತೀರ್ಪು ಕೊನೆಗೆ ಬಿದ್ದಿದ್ದು ಶಿಬು ಸೊರೇನ್ ಅವರ ಸೊಸೆಯ ಕೇಸಿನಲ್ಲಿ. 2012ರ ರಾಜ್ಯಸಭಾ ಚುನಾವಣೆಯಲ್ಲಿ ವೋಟಿಗೆ ಲಂಚ ತಗೊಂಡ ಆರೋಪ ಶಾಸಕಿ ಸೀತಾ ಸೊರೇನ್ ಮೇಲೆ ಬಂದಿತ್ತು, ಅವರು ತಮ್ಮ ಮಾವನನ್ನು ಉಳಿಸಿದ್ದ ತೀರ್ಪನ್ನೇ ಮುಂದಿಟ್ಟರು. 2024ರ ಮಾರ್ಚ್ 4ರಂದು ಏಳು ನ್ಯಾಯಮೂರ್ತಿಗಳು ಒಮ್ಮತದಿಂದ ಅದನ್ನು ತಳ್ಳಿಹಾಕಿದರು. ದುಡ್ಡು ತಗೊಂಡ ಕ್ಷಣಕ್ಕೇ ಅಪರಾಧ ಮುಗಿಯಿತು, ಆಮೇಲೆ ವೋಟು ಯಾರಿಗೆ ಹಾಕಿದರು ಅನ್ನುವುದು ಲೆಕ್ಕಕ್ಕಿಲ್ಲ ಅಂದರು.

ಕೇಸು ಹಾಕುವ ಬಾಗಿಲೇನೋ ತೆರೆಯಿತು. ಸಾಕ್ಷಿಯ ಕಥೆ ಮಾತ್ರ ಬೇರೆ. ಲಂಚ ಕೊಟ್ಟವರು ಕೋರ್ಟಿನಲ್ಲಿ ಬಾಯಿಬಿಟ್ಟರೆ ಆ ಹೇಳಿಕೆಯ ಮೇಲೆ ಅವರ ವಿರುದ್ಧವೇ ಕೇಸು ಹಾಕದಂತೆ ಭ್ರಷ್ಟಾಚಾರ ತಡೆ ಕಾಯ್ದೆಯಲ್ಲಿ ಮೊದಲು 24ನೇ ಸೆಕ್ಷನ್ ಇತ್ತು. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದರು. ಈಗ ಬಲವಂತಕ್ಕೆ ಕೊಟ್ಟವರು ಏಳು ದಿನದೊಳಗೆ ದೂರು ಕೊಟ್ಟರೆ ಮಾತ್ರ ಬಚಾವ್. ಸರ್ಕಾರ ಉಳಿಸಿಕೊಳ್ಳಲು ದುಡ್ಡು ಕೊಟ್ಟವರನ್ನು ಯಾರೂ ಬಲವಂತ ಮಾಡಿರುವುದಿಲ್ಲ.