ಕಾಸಿಲ್ಲದೆ ಕಾಡಲ್ಲಿ ಟೆಂಟ್: ಅಮೆರಿಕದ ಸರೋವರದ ದಂಡೆಗಳು ಇಕ್ಕಟ್ಟಾದ ಬಗೆ

ಅಮೆರಿಕಕ್ಕೆ ಹೊಸದಾಗಿ ಹೋದ ಕನ್ನಡಿಗರಿಗೆ ಮೊದಲ ಬೇಸಿಗೆಯಲ್ಲೇ ಯಾರಾದರೊಬ್ಬರು ಈ ಗುಟ್ಟು ಹೇಳಿಕೊಡುತ್ತಾರೆ. ಕ್ಯಾಂಪ್‌ಗ್ರೌಂಡ್ ಸಿಗಲಿಲ್ಲ ಅಂತ ಕೊರಗಬೇಡಿ, ನ್ಯಾಷನಲ್ ಫಾರೆಸ್ಟ್ ಒಳಗೆ ಮಣ್ಣು ರಸ್ತೆ ಹಿಡಿದು ಹೋಗಿ, ಸರೋವರದಿಂದ ಸ್ವಲ್ಪ ಈಚೆಗೆ ಟೆಂಟ್ ಹಾಕಿ. ಬುಕಿಂಗ್ ಬೇಡ, ಒಂದು ಡಾಲರ್ ಕೂಡ ಕೊಡಬೇಕಿಲ್ಲ. ಕೇಳಿದವರಿಗೆ ಅನುಮಾನ: ‘ಯಾರೂ ಏನೂ ಅನ್ನಲ್ವಾ?’

ಇಪ್ಪತ್ತು ವರ್ಷದ ಹಿಂದೆ ಇದಕ್ಕೆ ‘ಇಲ್ಲ’ ಅಂದರೆ ಸಾಕಿತ್ತು. ಈಗ ಮರುಪ್ರಶ್ನೆ ಹಾಕಬೇಕು. ಯಾವ ಕಾಡು? ಯಾವ ನಂಬರಿನ ರಸ್ತೆ? ಯಾವ ವಾರ? ಒಂದೇ ಸರೋವರದ ಒಂದು ದಂಡೆಯಲ್ಲಿ ಟೆಂಟ್ ಹಾಕಬಹುದು, ಎದುರು ದಂಡೆಯಲ್ಲಿ ಹಾಕಿದರೆ ದಂಡ. ಹೋದ ವರ್ಷ ಬೆಂಕಿ ಹಾಕಿ ಕೂತಿದ್ದ ಜಾಗದಲ್ಲಿ ಈ ವರ್ಷ ಅಡ್ಡ ಬಂಡೆ ಇಟ್ಟಿರುತ್ತಾರೆ. ಇಷ್ಟೊಂದು ಗೋಜಲಾಗಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ಯೊಸೆಮಿಟಿ, ಯೆಲ್ಲೊಸ್ಟೋನ್ ಥರದವು ನ್ಯಾಷನಲ್ ಪಾರ್ಕ್‌ಗಳು. ಅವು ಇಂಟೀರಿಯರ್ ಇಲಾಖೆಯ (ನಮ್ಮ ಗೃಹ ಇಲಾಖೆಯಂಥದ್ದಲ್ಲ, ಸರ್ಕಾರಿ ನೆಲ ನೋಡಿಕೊಳ್ಳುವ ಇಲಾಖೆ) ಕೈಯಲ್ಲಿವೆ, ಅಲ್ಲಿ ಕಂಡಲ್ಲಿ ಟೆಂಟ್ ಹಾಕುವಂತಿಲ್ಲ. ನ್ಯಾಷನಲ್ ಫಾರೆಸ್ಟ್‌ಗಳು ಕೃಷಿ ಇಲಾಖೆಯ ಕೆಳಗಿನ ಫಾರೆಸ್ಟ್ ಸರ್ವಿಸ್‌ನವು. ಒಟ್ಟು 154, ವಿಸ್ತೀರ್ಣ ಸುಮಾರು 19.3 ಕೋಟಿ ಎಕರೆ. ಹೆಚ್ಚುಕಡಿಮೆ ನಾಲ್ಕು ಕರ್ನಾಟಕ ಹಿಡಿಸುವಷ್ಟು ಜಾಗ. ಇಲ್ಲಿ ಕ್ಯಾಂಪ್‌ಗ್ರೌಂಡ್ ಬಿಟ್ಟು ಹೊರಗೆ ತಂಗುವುದಕ್ಕೆ ‘ಡಿಸ್ಪರ್ಸ್ಡ್ ಕ್ಯಾಂಪಿಂಗ್’, ಅಂದರೆ ಚದುರಿ ತಂಗುವುದು, ಅನ್ನುತ್ತಾರೆ. ನಲ್ಲಿ ಇಲ್ಲ, ಶೌಚಾಲಯ ಇಲ್ಲ, ಕಸದ ಡಬ್ಬಿ ಇಲ್ಲ. ಬಹಳಷ್ಟು ಕಡೆ 14 ದಿನದ ಮಿತಿ. ನೀರಿನಿಂದ 100 ಅಡಿ, ಕೆಲವೆಡೆ 200 ಅಡಿ ದೂರ ಇರಬೇಕು.

ಈ ಸೌಲಭ್ಯವನ್ನು ಯಾರೂ ಕೂತು ಯೋಚಿಸಿ ಜನರಿಗೆ ಕೊಟ್ಟಿದ್ದಲ್ಲ. 1891ರ ಕಾಯ್ದೆಯಿಂದ ಕಾಡುಗಳನ್ನು ಕಾದಿರಿಸಿದರು, 1905ರಲ್ಲಿ ಗಿಫರ್ಡ್ ಪಿಂಚೋ ಮುಂದಾಳತ್ವದಲ್ಲಿ ಫಾರೆಸ್ಟ್ ಸರ್ವಿಸ್ ಹುಟ್ಟಿತು. ಅವರ ತಲೆಯಲ್ಲಿದ್ದದ್ದು ಮರ, ನೀರು, ಹುಲ್ಲು. ಟೆಂಟ್ ಹಾಕುವವರನ್ನು ತಡೆಯಬೇಕು ಅಂತ ಅನ್ನಿಸುವಷ್ಟು ಜನವೇ ಇರಲಿಲ್ಲ. ನಮ್ಮೂರ ಗೋಮಾಳದಲ್ಲಿ ದನ ಬಿಟ್ಟ ಹಾಗೆ ಇದೂ ನಡೆದುಕೊಂಡು ಬಂತು. ಬೇಡ ಅಂತ ಯಾರೂ ಹೇಳಲಿಲ್ಲ, ಅಷ್ಟೆ. ಈಗ ಒಂದೊಂದೇ ಜಾಗ ಕೈತಪ್ಪುವಾಗ ‘ಇದು ನಮ್ಮ ಹಕ್ಕು’ ಅಂತ ವಾದಿಸುವವರಿಗೆ ಗಟ್ಟಿ ಕಾಗದ ಸಿಗದಿರುವುದು ಇದಕ್ಕೇ.

ಸರೋವರದ ದಂಡೆಯ ಜಗಳ ಮಾತ್ರ ಶುರುವಿನಿಂದಲೂ ಇದೆ. 1915ರ ಒಂದು ಕಾಯ್ದೆ ಕಾಡಿನೊಳಗೆ ಬೇಸಿಗೆ ಮನೆ ಕಟ್ಟಿಕೊಳ್ಳಲು ದೀರ್ಘಕಾಲದ ಪರವಾನಗಿ ಕೊಡಲು ಅವಕಾಶ ಮಾಡಿತು. 1919ರಲ್ಲಿ ಆರ್ಥರ್ ಕಾರ್ಹಾರ್ಟ್ ಎಂಬ ಯುವಕನನ್ನು ಕೊಲೊರಾಡೊದ ಟ್ರ್ಯಾಪರ್ಸ್ ಲೇಕ್‌ಗೆ ಕಳಿಸಿದರು. ದಂಡೆಯ ಸುತ್ತ ಇಂಥ ಮನೆಗಳಿಗೆ ಸೈಟ್ ಗುರುತು ಮಾಡು, ರಸ್ತೆ ಎಳಿ ಅನ್ನುವುದು ಕೆಲಸ. ಆತ ಸರ್ವೆ ಮುಗಿಸಿ ಬಂದು, ಇಲ್ಲಿ ಏನೂ ಕಟ್ಟದೆ ಹಾಗೇ ಬಿಡುವುದೇ ಒಳ್ಳೆಯದು ಅಂದ. ಆಶ್ಚರ್ಯ ಅಂದರೆ ಮೇಲಿನವರು ಒಪ್ಪಿದರು. ಟ್ರ್ಯಾಪರ್ಸ್ ಲೇಕ್ ದಂಡೆ ಇವತ್ತಿಗೂ ಮನೆಗಳಿಲ್ಲದೆ ಉಳಿದಿದೆ. ಬೇರೆ ಎಷ್ಟೋ ಸರೋವರಗಳ ಸುತ್ತ ಆಗಿನ ಪರವಾನಗಿಯ ಮನೆಗಳು ಇನ್ನೂ ನಿಂತಿವೆ.

ಕಾರು ಬಂದ ಮೇಲೆ ತೊಂದರೆಯ ರೂಪವೇ ಬದಲಾಯಿತು. ಎಮಿಲಿಯೊ ಮೈನೆಕೆ ಎಂಬ ಸಸ್ಯರೋಗ ತಜ್ಞ, ಜನರ ಪಾದ ಮತ್ತು ಗಾಡಿಯ ಚಕ್ರ ಮಣ್ಣನ್ನು ಒತ್ತಿ ಗಟ್ಟಿ ಮಾಡುವುದರಿಂದ ಮರದ ಬೇರಿಗೆ ಏಟಾಗುತ್ತದೆ ಅಂತ ತೋರಿಸಿದರು. ಅದಕ್ಕೆ ಅವರು ಕೊಟ್ಟ ಮದ್ದು ಸರಳ. ಒಮ್ಮುಖ ರಸ್ತೆ, ಪ್ರತಿ ಟೆಂಟಿಗೂ ಕಾರು ನಿಲ್ಲಿಸಲು ಒಂದು ಗೂಡು, ಬದಿಗೆ ದೊಡ್ಡ ಕಲ್ಲು. 1932ರಲ್ಲಿ ಅವರು ಬರೆದ ಆ ನಕ್ಷೆಯ ಮೇಲೆಯೇ ಮುಂದಿನ ಹತ್ತು ವರ್ಷದಲ್ಲಿ ನಿರುದ್ಯೋಗಿ ಯುವಕರ ಪಡೆ ಅಮೆರಿಕದ ಉದ್ದಗಲಕ್ಕೂ ಕ್ಯಾಂಪ್‌ಗ್ರೌಂಡ್ ಕಟ್ಟಿತು. ಇವತ್ತು ಕಾಸು ಕೊಟ್ಟು ತಂಗುವ ಕ್ಯಾಂಪ್‌ಗ್ರೌಂಡ್‌ಗಳ ಸ್ವರೂಪ ಅದೇ. ಗುಂಪೆಲ್ಲ ಅಲ್ಲಿಗೆ ಹೋಯಿತು, ಉಳಿದ ಕಾಡು ಸುಮ್ಮನಿತ್ತು. 1946ರಲ್ಲಿ 1.8 ಕೋಟಿಯಷ್ಟಿದ್ದ ಈ ಕಾಡುಗಳ ಭೇಟಿಗಳು 1960ರ ಹೊತ್ತಿಗೆ 9 ಕೋಟಿ ದಾಟಿದರೂ, ಮಣ್ಣು ರಸ್ತೆಯ ಕೊನೆಯ ಜಾಗಗಳು ಗೊತ್ತಿದ್ದವರಿಗೆ ಮಾತ್ರ ಗೊತ್ತಿದ್ದವು.

ಈಗಿನ ಗೋಜಲಿನ ಬೇರು ಇರುವುದು 2004, 2005ರಲ್ಲಿ. ಎರಡು ನಿಯಮಗಳು ಬೆನ್ನುಬೆನ್ನಿಗೆ ಬಂದವು. ಎರಡರ ಉದ್ದೇಶವೂ ಒಳ್ಳೆಯದೇ.

ಮೊದಲನೆಯದು ದುಡ್ಡಿನದು. ಫೆಡರಲ್ ಜಾಗಗಳಲ್ಲಿ ಯಾವುದಕ್ಕೆ ಶುಲ್ಕ ವಸೂಲಿ ಮಾಡಬಹುದು ಅಂತ 2004ರ ಕಾಯ್ದೆ ಹೇಳಿತು. ಕನಿಷ್ಠ ಸೌಲಭ್ಯ ಇಲ್ಲದ ಜಾಗದಲ್ಲಿ ತಂಗಿದವರ ಹತ್ತಿರ ಕಾಸು ಕೇಳುವಂತಿಲ್ಲ. ಅರಿಜೋನಾದ ಮೌಂಟ್ ಲೆಮ್ಮನ್‌ನಲ್ಲಿ ವಸೂಲಿ ನಡೆದಾಗ ನಾಲ್ಕು ಜನ ಕೋರ್ಟಿಗೆ ಹೋದರು. 2012ರಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ನಿಂತಿತು. ಸೌಲಭ್ಯ ಬಳಸದೆ ಗಾಡಿ ನಿಲ್ಲಿಸಿ ನಡೆಯುವವರಿಂದ, ಕ್ಯಾಂಪ್‌ಗ್ರೌಂಡ್ ಹೊರಗೆ ತಂಗುವವರಿಂದ ಶುಲ್ಕ ತೆಗೆದುಕೊಳ್ಳಬಾರದು ಅಂತಾಯಿತು. ಬಡವರ ಪರವಾದ ತೀರ್ಪು, ಸಂತೋಷ. ಆದರೆ ಇದರ ಇನ್ನೊಂದು ಮುಖ ನೋಡಿ. ಶೌಚಾಲಯ ಇಲ್ಲದ ಕಡೆ ದುಡ್ಡು ತೆಗೆದುಕೊಳ್ಳುವಂತಿಲ್ಲ. ದುಡ್ಡು ಬರದ ಕಡೆ ಶೌಚಾಲಯ ಕಟ್ಟಲು ಯಾರೂ ಮುಂದಾಗುವುದಿಲ್ಲ.

ಎರಡನೆಯದು 2005ರ ಗಾಡಿ ಓಡಾಟದ ನಿಯಮ. ಅಲ್ಲಿಯವರೆಗೆ ಎಷ್ಟೋ ಕಾಡುಗಳಲ್ಲಿ ಜೀಪು ಹೋದದ್ದೇ ದಾರಿ. ಇನ್ನು ಮುಂದೆ ಗುರುತು ಮಾಡಿದ ರಸ್ತೆಯಲ್ಲಿ ಮಾತ್ರ ಅಂತಾಯಿತು. ಪ್ರತಿ ಕಾಡಿಗೂ ಒಂದು ಗಾಡಿ ನಕ್ಷೆ ಬಂತು. ಪುಕ್ಕಟೆ ಸಿಗುತ್ತದೆ, ಆದರೆ ಓದುವುದು ಸುಲಭ ಇಲ್ಲ. ಕಪ್ಪು-ಬಿಳುಪು ಹಾಳೆ, ಬೆಟ್ಟದ ಏರಿಳಿತ ಕಾಣುವುದಿಲ್ಲ, ರಸ್ತೆಗಳಿಗೆ ಹೆಸರಿನ ಬದಲು ನಂಬರು. ಕೆಲವು ರಸ್ತೆಗಳ ಬದಿಗೆ ಸಣ್ಣ ಚುಕ್ಕೆಗಳ ಸಾಲು ಇರುತ್ತದೆ. ಆ ಚುಕ್ಕೆ ಇದ್ದರೆ ಟೆಂಟ್ ಹಾಕಲು ಗಾಡಿಯನ್ನು ರಸ್ತೆಯಿಂದ ಇಳಿಸಬಹುದು, ಕೆಲವೆಡೆ 300 ಅಡಿಯವರೆಗೆ. ಚುಕ್ಕೆ ಇಲ್ಲದಿದ್ದರೆ ರಸ್ತೆಗೆ ಅಂಟಿಕೊಂಡೇ ನಿಲ್ಲಿಸಬೇಕು. ಇಡೀ ಕಾಡಿಗೆ ಹರಡಿದ್ದ ಟೆಂಟುಗಳು ಹೀಗೆ ಕೆಲವೇ ರಸ್ತೆಗಳ ಅಂಚಿಗೆ ಬಂದು ಕೂತವು. ಅಂಥ ರಸ್ತೆ ಸರೋವರದ ಪಕ್ಕ ಹಾದರೆ ಕೇಳಬೇಕೇ? ಎಲ್ಲರೂ ಅಲ್ಲೇ. ಹೆಸರು ಮಾತ್ರ ಇನ್ನೂ ‘ಡಿಸ್ಪರ್ಸ್ಡ್’.

ಇದೇ ವರ್ಷಗಳಲ್ಲಿ ಒಳಗಿನಿಂದ ಇನ್ನೊಂದು ಕುಸಿತ ನಡೆಯುತ್ತಿತ್ತು. ಅದರ ಬಗ್ಗೆ ಮಾತು ಕಡಿಮೆ. 1995ರಲ್ಲಿ ಫಾರೆಸ್ಟ್ ಸರ್ವಿಸ್ ಬಜೆಟ್ಟಿನ 16% ಕಾಡ್ಗಿಚ್ಚಿಗೆ ಹೋಗುತ್ತಿತ್ತು. 2015ರಲ್ಲಿ ಅದು ಅರ್ಧ ದಾಟಿತು. 1998ರಿಂದ 2015ರೊಳಗೆ ಬೆಂಕಿಗೆ ಸಂಬಂಧಪಡದ ಸಿಬ್ಬಂದಿ 39% ಇಳಿದರು. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ, ‘ನೀರಿನಿಂದ ಇನ್ನೂ ಸ್ವಲ್ಪ ಹಿಂದಕ್ಕೆ ಬನ್ನಿ, ಪಾತ್ರೆ ಸರೋವರದಲ್ಲಿ ತೊಳೀಬೇಡಿ’ ಅಂತ ಹೇಳುತ್ತಿದ್ದ ರೇಂಜರ್ ಈ ಲೆಕ್ಕದಲ್ಲೇ ಕರಗಿಹೋದದ್ದು. ಸೋಪಿನ ಮೇಲೆ ‘ಬಯೋಡಿಗ್ರೇಡಬಲ್’ (ಮಣ್ಣಲ್ಲಿ ಕೊಳೆತು ಹೋಗುವಂಥದ್ದು) ಅಂತ ಬರೆದಿದ್ದರೂ ಅದು ನೇರ ನೀರಿಗೆ ಬೀಳಬಾರದು, ಮಣ್ಣಿಗೆ ಸುರಿಯಬೇಕು. ಶೌಚಕ್ಕೆ 6ರಿಂದ 8 ಇಂಚಿನ ಗುಂಡಿ, ಅದೂ ನೀರಿನಿಂದ 200 ಅಡಿ ದೂರ. ಇದನ್ನೆಲ್ಲ ಬೋರ್ಡ್ ನೋಡಿ ಕಲಿಯುವವರು ಕಡಿಮೆ. ಯಾರಾದರೂ ಎದುರು ನಿಂತು ಹೇಳಬೇಕು.

ಆಮೇಲೆ ಬಂದವು ಆ್ಯಪ್‌ಗಳು. ಮಣ್ಣು ರಸ್ತೆಯ ಕೊನೆಯ ಜಾಗಗಳಿಗೆ ಜಿಪಿಎಸ್ ಗುರುತು, ಫೋಟೋ, ‘ಮೊಬೈಲ್ ಸಿಗ್ನಲ್ ಚೆನ್ನಾಗಿದೆ’ ಅನ್ನುವ ವಿಮರ್ಶೆ ಬಂದವು. ವ್ಯಾನನ್ನೇ ಮನೆ ಮಾಡಿಕೊಂಡು ತಿರುಗುವುದು ಒಂದು ಫ್ಯಾಷನ್ ಆಯಿತು. 2020ರಲ್ಲಿ ಕೋವಿಡ್ ಬಂದು ಹೋಟೆಲು, ವಿಮಾನ ನಿಂತಾಗ ಜನಕ್ಕೆ ಉಳಿದದ್ದು ಕಾಡೊಂದೇ. ಆ ವರ್ಷ ನ್ಯಾಷನಲ್ ಫಾರೆಸ್ಟ್‌ಗಳಿಗೆ 16.8 ಕೋಟಿ ಭೇಟಿಗಳಾದವು, ಹಿಂದಿನ ವರ್ಷಕ್ಕಿಂತ 1.8 ಕೋಟಿ ಜಾಸ್ತಿ.

ಕೊಲೊರಾಡೊದ ಕ್ರೆಸ್ಟೆಡ್ ಬ್ಯೂಟ್ ಸುತ್ತಲ ಕಣಿವೆಗಳಲ್ಲಿ ಆಗಿದ್ದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಬೇರೆ ಕಡೆ ಆಮೇಲೆ ಆಗಿದ್ದೆಲ್ಲ ಹೆಚ್ಚುಕಡಿಮೆ ಇದರದೇ ಪಡಿಯಚ್ಚು. ಹಳೆಯ ಗಣಿ ಊರು, ಈಗ ಸ್ಕೀಯಿಂಗ್ ಮತ್ತು ಕಾಡುಹೂಗಳಿಗೆ ಹೆಸರುವಾಸಿ. ಸ್ಲೇಟ್ ರಿವರ್, ವಾಷಿಂಗ್ಟನ್ ಗಲ್ಚ್, ಸಿಮೆಂಟ್ ಕ್ರೀಕ್ ಕಣಿವೆಗಳಲ್ಲಿ ಜುಲೈ ಬಂದರೆ ಟೆಂಟಿನ ಮೇಲೆ ಟೆಂಟ್. ಹೂವಿನ ಬಯಲಲ್ಲಿ ಚಕ್ರದ ಗುರುತು. ಒಬ್ಬರು ಕಲ್ಲು ಜೋಡಿಸಿ ಬೆಂಕಿ ಹಾಕಿದ ಜಾಗದ ಹತ್ತು ಹೆಜ್ಜೆಗೆ ಇನ್ನೊಬ್ಬರ ಕಲ್ಲಿನ ವೃತ್ತ, ಅದರೊಳಗೆ ಸುಡದೆ ಉಳಿದ ಬಿಯರ್ ಡಬ್ಬಿ, ಅಲ್ಯೂಮಿನಿಯಂ ಹಾಳೆ. ಪೊದೆ ಹಿಂದೆ ಕಾಗದ. ಕೌಂಟಿ ಆಡಳಿತ, ಊರಿನವರು, ಸೈಕಲ್ ಸಂಘದವರು, ಫಾರೆಸ್ಟ್ ಸರ್ವಿಸ್ ಎಲ್ಲ ಕೂತು 2021ರಲ್ಲಿ ಒಂದು ತೀರ್ಮಾನಕ್ಕೆ ಬಂದರು. ಕಂಡಲ್ಲಿ ಹಾಕುವುದು ಬಂದ್. ಈಗಾಗಲೇ ಸವೆದಿರುವ ಜಾಗಗಳಲ್ಲಿ ಚೆನ್ನಾಗಿರುವುದನ್ನು ಆರಿಸಿ ನಂಬರಿನ ಕಂಬ ನೆಡುವುದು, ಅಲ್ಲಿ ಮಾತ್ರ ತಂಗಬೇಕು. ಬೇಡವಾದ ಕಡೆ ಬಂಡೆ ಇಟ್ಟು ಮುಚ್ಚುವುದು. ಮೊದಲು ಬಂದವರಿಗೆ ಜಾಗ, ಕಾಸಿಲ್ಲ. ಕಂಬ ನೆಟ್ಟು, ಬಂಡೆ ಉರುಳಿಸಿದವರಲ್ಲಿ ಸ್ಥಳೀಯ ಕಾರ್ಯಪಡೆಯ ಯುವಕರೂ ಇದ್ದರು.

ನನಗೆ ಕೇಳಿದರೆ ಇದು ಇದ್ದುದರಲ್ಲಿ ಮರ್ಯಾದೆಯ ದಾರಿ. ಬಾಗಿಲು ಪೂರ್ತಿ ಹಾಕಲಿಲ್ಲ, ದುಡ್ಡೂ ಕೇಳಲಿಲ್ಲ. ಆದರೆ ಪೆಟ್ಟು ಬಿದ್ದದ್ದು ಬರೀ ಪ್ರವಾಸಿಗಳಿಗಲ್ಲ. ಅದೇ ಬೇಸಿಗೆ, 2021ರ ಜೂನ್‌ನಲ್ಲಿ, ಕ್ರೆಸ್ಟೆಡ್ ಬ್ಯೂಟ್ ಪುರಸಭೆ ವಸತಿ ತುರ್ತುಸ್ಥಿತಿ ಘೋಷಿಸಿತ್ತು. ಬಾಡಿಗೆ ಕೈಗೆ ಎಟುಕದೆ, ಊರ ಹೋಟೆಲುಗಳಲ್ಲಿ ದುಡಿಯುವವರೇ ಬೇಸಿಗೆಯಲ್ಲಿ ವ್ಯಾನಿನಲ್ಲಿ ಮಲಗುವ ಕಾಲ. ಅಂಥವರಿಗೆ ಕಾಡಿನ ರಸ್ತೆಯೇ ಮನೆ.

ಈ ಎಳೆ ಓರೆಗನ್‌ನ ಬೆಂಡ್ ಊರಿನ ಹತ್ತಿರ ಇನ್ನೂ ಬಿಗಿಯಾಯಿತು. ಡೆಶೂಟ್ಸ್ ಕಾಡಿನ ಚೈನಾ ಹ್ಯಾಟ್ ರಸ್ತೆಯ ಬದಿ ಹಳೆಯ ವ್ಯಾನು, ಟ್ರೇಲರ್‌ಗಳಲ್ಲಿ ಜನ ವರ್ಷಗಟ್ಟಲೆ ಬದುಕುತ್ತಿದ್ದರು. ಹದಿನಾಲ್ಕು ದಿನದ ನಿಯಮ ಕಾಗದದಲ್ಲಿತ್ತು. 2025ರ ಮೇ 1ರಂದು ಒಣ ಪೊದೆ, ಮರ ತೆಗೆದು ಬೆಂಕಿ ಅಪಾಯ ತಗ್ಗಿಸುವ ಕಾಮಗಾರಿಗೆಂದು ಸುಮಾರು 26,000 ಎಕರೆ ಮುಚ್ಚಿದರು. ಅಲ್ಲಿ ಬದುಕುತ್ತಿದ್ದವರು ಎತ್ತಂಗಡಿಯಾದರು. ವಾರಾಂತ್ಯದ ಕ್ಯಾಂಪಿಂಗ್‌ಗೆ ಬಂದ ಕುಟುಂಬಕ್ಕೂ, ಬೇರೆ ಗತಿಯಿಲ್ಲದೆ ಬಂದವರಿಗೂ ಅನ್ವಯಿಸುವುದು ಒಂದೇ ನಿಯಮ, ಮುಚ್ಚುವ ಒಂದೇ ಆದೇಶ.

ಬೆಂಕಿಯ ಭಯ ಸುಮ್ನೆ ನೆಪ ಅನ್ನುವವರಿದ್ದಾರೆ. ಅವರು ಅರಿಜೋನಾದ ವಾಲೊ ಕಾಡ್ಗಿಚ್ಚಿನ ವಿಷಯ ಓದಬೇಕು. 2011ರ ಮೇ 29ರಂದು ಇಬ್ಬರು ತಮ್ಮ ಕ್ಯಾಂಪಿನ ಬೆಂಕಿ ಆರಿದೆ ಅಂದುಕೊಂಡು ನಡಿಗೆಗೆ ಹೋದರು. ಆರಿದೆ ಅಂತ ಹೇಗೆ ಗೊತ್ತಾಯಿತು? ಚಾಕೊಲೇಟ್ ಸುತ್ತಿದ್ದ ಕಾಗದ ಎಸೆದು ನೋಡಿದರಂತೆ, ಅದು ಕರಗಲಿಲ್ಲವಂತೆ. ಗಾಳಿ ಎದ್ದಿತು. 5.38 ಲಕ್ಷ ಎಕರೆ ಸುಟ್ಟಿತು, ಅಂದರೆ ಕೊಡಗು ಜಿಲ್ಲೆಯ ಅರ್ಧಕ್ಕಿಂತ ಜಾಸ್ತಿ. ನೀರು ಸುರಿದು, ಬೂದಿ ಕಲಕಿ, ಮತ್ತೆ ಸುರಿದು, ಕೈ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ಇಲ್ಲ ಅಂತ ನೋಡುವುದು ಸರಿಯಾದ ಕ್ರಮ. ಸರೋವರದ ಪಕ್ಕ ಇದ್ದೂ ಬಕೆಟ್ ನೀರು ತರದವರಿಗೆ ಏನು ಹೇಳೋಣ.

ಬೇಸಿಗೆ ಒಣಗಿದಾಗ ಬರುವ ‘ಸ್ಟೇಜ್ 1’ ಬೆಂಕಿ ನಿರ್ಬಂಧ ಹುಟ್ಟಿಸುವ ಗೊಂದಲವೂ ಇದೇ ಸಾಲಿನದು. ಕಾಸು ಕೊಟ್ಟ ಕ್ಯಾಂಪ್‌ಗ್ರೌಂಡ್‌ನ ಕಬ್ಬಿಣದ ಬಳೆಯೊಳಗೆ ಸೌದೆ ಉರಿಸಬಹುದು. ಅದೇ ಸರೋವರದ ಆಚೆ, ಪುಕ್ಕಟೆ ಜಾಗದಲ್ಲಿ ಉರಿಸಿದರೆ ಅಪರಾಧ. ಗ್ಯಾಸ್ ಸ್ಟವ್‌ನಲ್ಲಿ ಉಪ್ಪಿಟ್ಟು ಮಾಡಿಕೊಳ್ಳಬಹುದು, ಚಿಂತೆ ಇಲ್ಲ.

ನಮ್ಮ ಕಡೆ ಈ ಸಮಸ್ಯೆ ಬೇರೆ ತುದಿಯಿಂದ ಬಂತು. ಕರ್ನಾಟಕದ ಮೀಸಲು ಅರಣ್ಯದಲ್ಲಿ ಅನುಮತಿ ಇಲ್ಲದೆ ಟೆಂಟ್ ಹಾಕುವಂತಿಲ್ಲ. 2024ರ ಜನವರಿ ಕೊನೆಯಲ್ಲಿ ಕುಮಾರ ಪರ್ವತಕ್ಕೆ ಜನ ಮುಗಿಬಿದ್ದಾಗ, ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನೇ ನಿಲ್ಲಿಸಿದರು. ಒಂದು ಸರ್ಕಾರಿ ಆದೇಶ, ಇಡೀ ರಾಜ್ಯಕ್ಕೆ ಗೊತ್ತಾಯಿತು. ಅಮೆರಿಕದಲ್ಲಿ ಹಾಗೆ ಒಂದೇ ಏಟಿಗೆ ಏನೂ ಆಗುವುದಿಲ್ಲ. ಪ್ರತಿ ಕಾಡಿನ ಸೂಪರ್‌ವೈಸರ್ ತಮ್ಮ ವ್ಯಾಪ್ತಿಗೆ ಪ್ರತ್ಯೇಕ ಆದೇಶ ಹೊರಡಿಸುತ್ತಾರೆ. ಒಂದು ಕಡೆ ಒಂದು ದಂಡೆ, ಇನ್ನೊಂದು ಕಡೆ ಮೂರು ಮೈಲಿ ರಸ್ತೆ. ಎಲ್ಲವನ್ನೂ ಕೂಡಿಸಿ ನೋಡಿದವರಿಗೆ ಮಾತ್ರ ಎಷ್ಟು ಹೋಯಿತು ಅಂತ ಕಾಣುತ್ತದೆ.

2025ರ ಆರಂಭದಲ್ಲಿ ಫಾರೆಸ್ಟ್ ಸರ್ವಿಸ್‌ನಲ್ಲಿ ಸಾವಿರಾರು ಜನರ ಕೆಲಸಕ್ಕೆ ಕತ್ತರಿ ಬಿತ್ತು. ಕೆಲವರು ಕೋರ್ಟ್ ಮೂಲಕ ವಾಪಸು ಬಂದರು. ನಂಬರಿನ ಕಂಬ ಬಿದ್ದರೆ ಎತ್ತಿ ನಿಲ್ಲಿಸಲು, ಗುಂಡಿ ತೋಡದವರಿಗೆ ತಿಳಿಹೇಳಲು ಆಳು ಬೇಕು. ಮುಚ್ಚುವುದಕ್ಕೆ ಅಷ್ಟು ಜನ ಬೇಕಿಲ್ಲ, ಒಂದು ಗೇಟು, ಒಂದು ಬೀಗ ಸಾಕು. ಈಗ ಹೊರಡುವವರು ಆ್ಯಪ್ ನಂಬದೆ ಮೂರು ಕಾಗದ ನೋಡಬೇಕು: ಆ ವರ್ಷದ ಗಾಡಿ ನಕ್ಷೆ, ಆ ವಾರದ ಬೆಂಕಿ ನಿರ್ಬಂಧ, ಆ ಕಾಡಿನ ಚಾಲ್ತಿ ಆದೇಶಗಳು. ಆದೇಶದಲ್ಲಿ ಅದು ಎಂದಿಗೆ ಮುಗಿಯುತ್ತದೆ ಅಂತ ತಾರೀಕು ಇರುತ್ತದೆ. ಅಷ್ಟರೊಳಗೆ ಅದನ್ನೇ ಹೊಸ ನಂಬರಿನಲ್ಲಿ ಮತ್ತೆ ಹೊರಡಿಸುವುದು ಅಪರೂಪವಲ್ಲ. ಆದ್ದರಿಂದ ಹಳೆಯ ತಾರೀಕು ನೋಡಿ ಜಾಗ ತೆರೆದಿದೆ ಅಂದುಕೊಳ್ಳಬೇಡಿ. ಆ ಭಾಗದ ರೇಂಜರ್ ಕಚೇರಿಗೆ ಒಂದು ಫೋನ್ ಮಾಡಿ.